ಬರಗಾಲದ ಬೇಸಿಗೆಯಲ್ಲಿ ಬಂದ ಸರ್ಕಸ್

ನಮ್ಮ ಕಡೆ ಹಿರಿಯರು ವರ್ಷಗಳನ್ನು ಅಂಕಿಯಲ್ಲಿ ಹೇಳುತ್ತಿರಲಿಲ್ಲ. ಪ್ಲೇಗು ಬಂದ ವರ್ಷ, ಹೊಳೆ ಊರು ಹೊಕ್ಕ ವರ್ಷ, ಸಂಸ್ಥಾನ ಹೋದ ವರ್ಷ ಅಂತ ಹೇಳುತ್ತಿದ್ದರು. ನನ್ನ ಓರಗೆಯವರಿಗೆ ಅಂಥ ಗುರುತು ಅಂದರೆ 1972ರ ಬರ. ಮಳೆ ಕೈಕೊಟ್ಟದ್ದು ಆ ವರ್ಷ, ಅದರ ಉರಿ ಪೂರ್ತಿ ತಟ್ಟಿದ್ದು ಮರುವರ್ಷದ ಬೇಸಿಗೆಯಲ್ಲಿ. ನಾನು ಹೇಳಹೊರಟದ್ದು ಆ ಬೇಸಿಗೆಯ ಮಾತು. ತಿಂಗಳು, ತಾರೀಖು ಕೇಳಬೇಡಿ. ಯುಗಾದಿ ಆಗಿತ್ತು, ಭರಣಿ ಮಳೆ ಇನ್ನೂ ಬಂದಿರಲಿಲ್ಲ, ಅಷ್ಟು ಗೊತ್ತು.

ಆಗಿನ್ನೂ ನಾವು ಬಿಜಾಪುರ ಜಿಲ್ಲೆಯವರು. ರಾಜ್ಯದ ಹೆಸರೂ ಮೈಸೂರು ಅಂತಲೇ ಇತ್ತು. ಜಮಖಂಡಿ, ಮುಧೋಳ, ಬೀಳಗಿ ತಾಲೂಕಿನ ಊರುಗಳು. ನಮ್ಮ ರಬಕವಿ-ಬನಹಟ್ಟಿ ಆಗ ಜಮಖಂಡಿ ತಾಲೂಕಿನೊಳಗಿದ್ದ ಜೋಡಿ ಪೇಟೆ, ಕೃಷ್ಣಾ ಹೊಳೆಗೆ ಹತ್ತಿರ. ಮಗ್ಗದ ಊರು ಅಂತಲೇ ಹೆಸರು. ಬೆಳಗಾಗೆದ್ದು ಯಾವ ಓಣಿಗೆ ಕಾಲಿಟ್ಟರೂ ಲಾಳಿಯ ಸಪ್ಪಳ ಕೇಳಬೇಕು. ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ಕೂತ ಅಪ್ಪ, ಮಗ್ಗುಲಲ್ಲಿ ರಾಟಿ ತಿರುವುತ್ತ ಕಂಡಿಕೆ ಸುತ್ತುವ ಆಯಿ, ನಡುವೆ ಚಹಾ ಹಿಡಿದು ನಿಂತ ಅವ್ವ. ಇದು ನಮ್ಮ ಮನೆಯಷ್ಟೇ ಅಲ್ಲ, ಎಲ್ಲರ ಮನೆಯೂ ಹೀಗೇ.

ಆ ಬೇಸಿಗೆಯಲ್ಲಿ ಓಣಿ ಸುಮ್ಮನಾಗಿತ್ತು. ರೈತನ ಕೈಯಲ್ಲಿ ದುಡ್ಡಿಲ್ಲ, ಮದುವೆಗಳು ಮುಂದಕ್ಕೆ ಹೋಗಿವೆ, ಸೀರೆ ಕೊಳ್ಳುವವರು ಯಾರು? ಸಾಹುಕಾರರು ನೂಲು ಕೊಡುವುದನ್ನು ನಿಲ್ಲಿಸಿದರು. ಮಗ್ಗದ ಮೇಲೆ ಅರ್ಧ ನೇಯ್ದ ಹಾಸು ಹಾಗೇ ಧೂಳು ಹಿಡಿಯಿತು. ನೇಕಾರರು ಸಹ ಬರಗಾಲದ ಕಾಮಗಾರಿಗೆ ಹೋಗಿ ರಸ್ತೆ ಬದಿ ಖಡಿ ಒಡೆದರು. ಹರಿದ ಎಳೆಯನ್ನು ಎರಡು ಬೆರಳಲ್ಲಿ ಕೆಚ್ಚುವ ಕೈಗಳು ಅವು. ಸಂಜೆಗೆ ಅಪ್ಪನ ಅಂಗೈ ಬೊಬ್ಬೆ ಎದ್ದಿರುತ್ತಿತ್ತು. ಆಯಿ ಅದಕ್ಕೆ ಬೆಣ್ಣೆ ಸವರುವ ಬದಲು, ಬೆಣ್ಣೆ ಎಲ್ಲಿಂದ ಬರಬೇಕು, ಔಡಲೆಣ್ಣೆ ಸವರುತ್ತಿದ್ದಳು.

ಉಣ್ಣಲಿಕ್ಕೆ ರೇಶನ್ನಿನ ಕೆಂಪು ಜೋಳ. ಅಮೇರಿಕಾದಿಂದ ಹಡಗಿನಲ್ಲಿ ಬಂದದ್ದು ಅಂತ ಹೇಳುತ್ತಿದ್ದರು. ಆ ಹಿಟ್ಟಿಗೆ ಜಿಗಿಯೇ ಇರಲಿಲ್ಲ. ಅವ್ವ ಕುದಿಯುವ ಎಸರು ಹಾಕಿ ಎಷ್ಟು ನಾದಿದರೂ ರೊಟ್ಟಿ ತಟ್ಟುವಾಗ ಅಂಚು ಒಡೆಯುತ್ತಿತ್ತು, ಹಂಚಿಗೆ ಹಾಕುವಷ್ಟರಲ್ಲಿ ಎರಡು ಹೋಳು. ನಮ್ಮವ್ವ ರೊಟ್ಟಿ ತಟ್ಟುವಾಗ ಯಾರನ್ನಾದರೂ ಬೈಯದೇ ಇದ್ದವಳಲ್ಲ. ಆ ವರ್ಷ ಆಕೆಯ ಬೈಗುಳವೆಲ್ಲ ಅಮೇರಿಕಾಕ್ಕೆ ಹೋಯಿತು. ಶೇಂಗಾ ಹಿಂಡಿ ಒಂದು ಇದ್ದುದರಿಂದ ಆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು. ಮುಂದೆ ಅದೂ ತೀರಿ ಕೆಂಪು ಖಾರವೇ ಗತಿಯಾಯಿತು.

ಇಂಥ ಕಾಲಕ್ಕೆ ಊರಿಗೆ ಸರ್ಕಸ್ ಬಂತು.

ಆಗ ನಮ್ಮ ಕಡೆ ರೈಲಿರಲಿಲ್ಲ. ಹತ್ತಿರದ ಸ್ಟೇಶನ್ ಅಂದರೆ ಕುಡಚಿ. ಅಲ್ಲಿಂದ ತೇರದಾಳದ ಮೇಲೆ ಹಾಯ್ದು ಲಾರಿಗಳು ಬಂದವು. ಹಗಲಲ್ಲಿ ಬಂದ ಲಾರಿಗಳಲ್ಲಿ ಕಂಬ, ಹಗ್ಗ, ಕಬ್ಬಿಣದ ಪಂಜರ, ಮಡಚಿದ ಕುರ್ಚಿ. ಆನೆ ಮಾತ್ರ ರಾತ್ರಿ ನಡೆದುಕೊಂಡೇ ಬಂತು, ಹಗಲಿನ ಡಾಂಬರು ಕಾಲಿಗೆ ಸುಡುತ್ತದೆಂದು. ಮುಂಜಾನೆ ನಾವು ಕಣ್ಣುಜ್ಜಿಕೊಂಡು ಓಡಿದಾಗ ಅದು ಬಯಲಿನ ಬೇವಿನ ಮರದ ಕೆಳಗೆ ನಿಂತು ಕಾಲಿನಿಂದ ಧೂಳು ಕೆದರಿ ಬೆನ್ನ ಮೇಲೆ ಹಾಕಿಕೊಳ್ಳುತ್ತಿತ್ತು. ಒಂದು ಕೊಡ ನೀರಿಗೆ ಜಗಳ ಆಡುವ ಕಾಲ ಅದು. ಆದರೂ ಓಣಿಯ ಹೆಂಗಸರು ತಂಬಿಗೆ ನೀರು ತಂದು ಅದರ ಕಾಲಿಗೆ ಹಾಕಿ ಕುಂಕುಮ ಹಚ್ಚಿದರು. ಬನಹಟ್ಟಿಯ ಹಿರಿಯಳೊಬ್ಬಳು ಆನೆಯ ಕಾಲು ಮುಟ್ಟಿ, "ಗಣಪ್ಪ ಬಂದಾನ, ಮಳಿ ತರತಾನ," ಅಂದದ್ದು ನನಗೆ ಚೆನ್ನಾಗಿ ನೆನಪಿದೆ.

ರಾತ್ರಿ ಆಯಿತೆಂದರೆ ಸರ್ಚ್‌ಲೈಟು. ಆಕಾಶದ ತುಂಬ ಅದು ಸುತ್ತು ಹೊಡೆಯುತ್ತಿತ್ತು. ಹೊಳೆಯಾಚೆಯ ಹಳ್ಳಿಗಳಿಗೂ ಕಾಣುತ್ತಿತ್ತಂತೆ. ಧ್ವನಿವರ್ಧಕದಲ್ಲಿ ಸಿನಿಮಾ ಹಾಡು. ನಮ್ಮ ದೊಡ್ಡಪ್ಪ ಎರಡನೇ ದಿನವೇ ಮ್ಯಾನೇಜರನ ಹತ್ತಿರ ಹೋಗಿ, ಅಮೀರಬಾಯಿ ಕರ್ನಾಟಕಿಯ ತಟ್ಟೆ ಇದ್ದರೆ ಹಚ್ಚಬೇಕು ಅಂತ ಕೇಳಿದರು. ಅಮೀರಬಾಯಿ ನಮ್ಮ ಬೀಳಗಿಯವಳು. 1943ರ 'ಕಿಸ್ಮತ್' ಸಿನಿಮಾದಲ್ಲಿ ಹಾಡಿ ದೇಶಕ್ಕೆಲ್ಲ ಹೆಸರಾದವಳು. ಆಕೆಯ ಅಕ್ಕ ಗೋಹರಬಾಯಿ ಬಾಲಗಂಧರ್ವರ ನಾಟಕ ಮಂಡಳಿ ಸೇರಿದ್ದಳು. ಬೀಳಗಿಯಂಥ ಸಣ್ಣ ಊರಿನಿಂದ ಹೊರಟು ಮುಂಬಯಿ ಗೆದ್ದ ಆ ಅಕ್ಕತಂಗಿಯರ ಮಾತು ಬಂದರೆ ದೊಡ್ಡಪ್ಪ ತಮ್ಮ ಹೆಣ್ಣುಮಕ್ಕಳ ಸುದ್ದಿ ಹೇಳುವಷ್ಟು ಅಭಿಮಾನದಿಂದ ಹೇಳುತ್ತಿದ್ದರು. ಮ್ಯಾನೇಜರ್ ತಟ್ಟೆ ಹುಡುಕಿಸಿದ, ಸಿಕ್ಕಿತು. ಆವತ್ತು ಸಂಜೆ ಬೀಳಗಿಯ ದನಿ ಬನಹಟ್ಟಿಯ ಬಯಲಿನಲ್ಲಿ ಹರಿಯಿತು. ದೊಡ್ಡಪ್ಪ ಹಾಡು ಮುಗಿಯುವ ತನಕ ಎದ್ದು ನಿಂತಿದ್ದರು.

ದೊಡ್ಡಪ್ಪನ ಬಗ್ಗೆ ಇಷ್ಟು ಹೇಳಲೇಬೇಕು. ಸೀರೆಯ ಗಂಟು ಹೊತ್ತು ಮಿರಜ, ಸಾಂಗಲಿ, ಕುರುಂದವಾಡ ತಿರುಗಿದ ಮನುಷ್ಯ. ಲೆಕ್ಕ ಮಾಡುವುದು, ಸಿಟ್ಟಾಗುವುದು ಎರಡೂ ಮರಾಠಿಯಲ್ಲಿ. ಉಳಿದದ್ದು ಕನ್ನಡದಲ್ಲಿ. ಮೂಗಿಗೆ ತಪಕೀರು ಏರಿಸಿ, ಧೋತರದ ಚುಂಗಿನಿಂದ ಮೂಗು ಒರೆಸಿ, "ಕೇಳ್ರಿಲ್ಲೆ" ಅಂದರೆ ಸಾಕು, ಕಟ್ಟೆಯ ಮೇಲೆ ಹುಡುಗರು ಒತ್ತಿ ಕೂಡುತ್ತಿದ್ದೆವು. ಸರ್ಕಸ್ ಬಂದ ಸುದ್ದಿಗೆ ಯಾರೋ, "ಇದೆಲ್ಲ ಇಂಗ್ರೇಜಿ ಮಂದಿ ಆಟ," ಅಂದರು. ದೊಡ್ಡಪ್ಪನಿಗೆ ಅಷ್ಟೇ ಬೇಕಾಗಿತ್ತು.

"ಯಾವ ಇಂಗ್ರೇಜಿ? ನಮ್ಮ ಹೊಳೀ ದಂಡಿ ಆಟ ಇದು," ಅಂದರು.

ಅವರು ಹೇಳಿದ ಕಥೆ ಮುಂದೆ ನಾನು ಓದಿ ತಿಳಿದದ್ದಕ್ಕೆ ಹೆಚ್ಚುಕಡಿಮೆ ಸರಿಹೊಂದಿತು. ಸಾಂಗಲಿ ಸೀಮೆಯಲ್ಲಿ, ಇದೇ ಕೃಷ್ಣೆಯ ದಂಡೆಯಲ್ಲಿ, ಅಂಕಲಖೋಪ ಅಂತ ಊರು. ವಿಷ್ಣುಪಂತ ಮೋರೇಶ್ವರ ಛತ್ರೆ ಅಲ್ಲಿ ಹುಟ್ಟಿದವನು. ಕುದುರೆ ಪಳಗಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಪಟವರ್ಧನ ಮನೆತನದ ಸಂಸ್ಥಾನಿಕರ ಲಾಯದಲ್ಲಿ ಅವನ ಕೆಲಸ. ಸಾಂಗಲಿ, ಮಿರಜ, ಕುರುಂದವಾಡ, ನಮ್ಮ ಜಮಖಂಡಿ, ಇವೆಲ್ಲ ಪಟವರ್ಧನರ ಸಂಸ್ಥಾನಗಳೇ. ಇಟಲಿಯ ಕಿಯಾರಿನಿ ಎಂಬಾತ ತನ್ನ ಸರ್ಕಸ್ ತಗೊಂಡು ಮುಂಬಯಿಗೆ ಬಂದಿದ್ದ. ದೊರೆಯ ಜೊತೆಗೆ ಛತ್ರೆ ನೋಡಲು ಹೋದ. ಇಂಥ ಆಟ ಹಿಂದುಸ್ತಾನದವರ ಕೈಯಲ್ಲಿ ಸದ್ಯಕ್ಕೆ ಆಗುವಂಥದ್ದಲ್ಲ ಅಂತ ಆ ಕಿಯಾರಿನಿ ಅಂದನಂತೆ. ಛತ್ರೆಗೆ ಅದು ನಾಟಿತು. 1880ರ ಮಾರ್ಚ್ 20ರಂದು ಮುಂಬಯಿಯಲ್ಲಿ ತನ್ನದೇ ಸರ್ಕಸ್ಸಿನ ಮೊದಲ ಆಟ ಆಡಿಸಿದ. ಅವನು ಕುದುರೆಯ ಮೇಲೆ, ಅವನ ಹೆಂಡತಿ ಜೋಕಾಲಿಯ ಮೇಲೆ. ಗ್ರೇಟ್ ಇಂಡಿಯನ್ ಸರ್ಕಸ್ ಅಂತ ಅದಕ್ಕೆ ಹೆಸರಾಯಿತು. ಆಮೇಲೆ ಮಿರಜಿನ ಬಗಲಿಗಿರುವ ಮೈಸಾಳದಿಂದ ದೇವಲ್ ಸರ್ಕಸ್ ಹೊರಟಿತು, ಇನ್ನೂ ಎಷ್ಟೋ ಹೊರಟವು.

"ಅಂಕಲಖೋಪದಾಗ ಹರದ ನೀರ ಇಲ್ಲಿಗೆ ಬರತಾವ. ಅಂದ ಮ್ಯಾಲ ಸರ್ಕಸ್ ಬರೂದರಾಗ ಏನ್ ಆಶ್ಚರ್ಯ?" ಅಂತ ದೊಡ್ಡಪ್ಪ ಮಾತು ಮುಗಿಸಿದರು. ಆಗ ಹೊಳೆಯಲ್ಲಿ ನೀರೇ ಇರಲಿಲ್ಲ ಅನ್ನುವುದು ಬೇರೆ ಮಾತು.

ಛತ್ರೆಯ ಕಥೆಯೊಳಗೆ ನನಗೆ ಇವತ್ತಿಗೂ ಹೆಚ್ಚು ಹಿಡಿಸುವ ಭಾಗ ಇನ್ನೊಂದಿದೆ. ಛತ್ರೆ ಗಾಯಕನೂ ಹೌದು. ಗ್ವಾಲಿಯರಿನ ಹದ್ದೂ ಖಾನರ ಹತ್ತಿರ ಹಾಡು ಕಲಿತವನು. ಗುರು ಹೋದ ಮೇಲೆ ಗುರುವಿನ ಮಗ ರಹಿಮತ್ ಖಾನ್ ದಿಕ್ಕುಗೆಟ್ಟು, ಮೈಮೇಲೆ ಎಚ್ಚರವಿಲ್ಲದೆ ಅಲೆಯುತ್ತಿದ್ದರು. ಛತ್ರೆ ಅವರನ್ನು ಹುಡುಕಿ ತಂದು ತನ್ನ ಸರ್ಕಸ್ಸಿನ ಜೊತೆಗೇ ಇಟ್ಟುಕೊಂಡು ಸಾಕಿದ. ಊರೂರಿಗೆ ಡೇರೆ ಹೋದಂತೆ ಖಾನಸಾಹೇಬರೂ ಹೋದರು. ಭೂಗಂಧರ್ವ ಅಂತ ಜನ ಕರೆದ ಆ ಗಾಯಕ ಕೊನೆಗೆ ನೆಲೆ ನಿಂತದ್ದು ಕುರುಂದವಾಡದಲ್ಲಿ, 1922ರಲ್ಲಿ ತೀರಿಕೊಂಡದ್ದೂ ಅಲ್ಲೇ. ಹುಲಿ, ಸಿಂಹ, ಕುದುರೆಗಳ ನಡುವೆ ಒಬ್ಬ ದೊಡ್ಡ ಗಾಯಕನಿಗೆ ಅನ್ನ, ಆಸರೆ ಸಿಕ್ಕಿತಲ್ಲ, ಆ ಸರ್ಕಸ್ಸಿನ ಮೇಲೆ ನನಗೆ ಗೌರವ ಹುಟ್ಟಿದ್ದು ಇದರಿಂದ. ಎಲ್ಲಿಂದ ಎಲ್ಲಿಗೋ ಬಂದೆ, ಇರಲಿ. ನಮ್ಮೂರ ಡೇರೆಗೆ ಮರಳೋಣ.

ಗ್ಯಾಲರಿ ಟಿಕೀಟು ಎಂಟಾಣೆ ಇತ್ತು ಅನಿಸುತ್ತದೆ. ನಾವು ಮನೆಮಂದಿಯೆಲ್ಲ ಒಮ್ಮೆ ಹೋದೆವು. ಮೊದಲು ಬ್ಯಾಂಡು, ಆಮೇಲೆ ಸೈಕಲ್ ಮೇಲಿನ ಹುಡುಗಿಯರು, ನಡುನಡುವೆ ಇಬ್ಬರು ಜೋಕರರು. ಯಾವುದರ ನಂತರ ಯಾವುದು ಅಂತ ಈಗ ಜೋಡಿಸಲಾರೆ. ಆನೆಯ ಪೂಜೆ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ರಿಂಗಿನ ನಡುವೆ ಒಂದು ಲಿಂಗ ಇಟ್ಟರು. ಆನೆ ಮಂಡಿಯೂರಿ ಕೂತು ಸೊಂಡಿಲಿನಿಂದ ಗಂಟೆ ಬಾರಿಸಿತು, ಹೂವು ಏರಿಸಿತು, ಆಮೇಲೆ ಬಿಂದಿಗೆ ಎತ್ತಿ ಲಿಂಗದ ಮೇಲೆ ನೀರು ಸುರಿಯಿತು. ಡೇರೆಯ ತುಂಬ ಮಂದಿ ಕೈಮುಗಿದರು. ಆ ನೀರು ಕಟ್ಟಿಗೆ ಹೊಟ್ಟಿನೊಳಗೆ ಇಂಗಿ ಹೋಗುವಾಗ ಗ್ಯಾಲರಿಯಿಂದ ಒಬ್ಬ ಮುದುಕಿ ಎದ್ದು, "ಯಪ್ಪಾ, ಆ ನೀರರೆ ಒಂದ್ ಕೊಡದಾಗ ಹಿಡೀರೋ," ಅಂತ ಕೂಗಿದಳು. ಯಾರೂ ನಗಲಿಲ್ಲ. ಮರುದಿನದಿಂದ ಲಿಂಗದ ಕೆಳಗೆ ಒಂದು ಹಿತ್ತಾಳೆ ಪರಾತ ಇಟ್ಟರು.

ಕೊನೆಗೆ ಜೋಕಾಲಿ. ಬಲೆಯ ಮೇಲೆ, ಮಾಡಿನ ಹತ್ತಿರ, ಒಂದು ಸಣ್ಣ ಹುಡುಗಿ ಒಂದು ಜೋಕಾಲಿ ಬಿಟ್ಟು ಇನ್ನೊಂದಕ್ಕೆ ಹಾರಿದಳು. ಕೈಬಿಟ್ಟ ಮೇಲೆ, ಹಿಡಿಯುವ ಮುಂಚೆ, ನಮ್ಮಪ್ಪ ನನ್ನ ತೊಡೆಯನ್ನು ಎಷ್ಟು ಜೋರಾಗಿ ಹಿಡಿದರೆಂದರೆ ಮೂಡಿದ ಬೆರಳು ಮರುದಿನವೂ ಹೋಗಿರಲಿಲ್ಲ. ಅವರೆಲ್ಲ ಕೇರಳದ ತಲಶೇರಿ ಕಡೆಯ ಮಕ್ಕಳು. ಅದಕ್ಕೂ ಛತ್ರೆಯೇ ಕಾರಣ. ಅವನ ಸರ್ಕಸ್ ತಲಶೇರಿಗೆ ಹೋದಾಗ ಅಲ್ಲಿನ ಬಾಸೆಲ್ ಮಿಶನ್ ಶಾಲೆಯ ಕಸರತ್ತಿನ ಮಾಸ್ತರ ಕೀಲೇರಿ ಕುಂಞಿಕಣ್ಣನ್ ಅದನ್ನು ನೋಡಿ ಬೆರಗಾಗಿ, ಊರ ಹುಡುಗರಿಗೆ ಕಲಿಸತೊಡಗಿದರು. 1901ರಲ್ಲಿ ಚಿರಕ್ಕರದಲ್ಲಿ ಸರ್ಕಸ್ ಶಾಲೆಯನ್ನೇ ತೆರೆದರು. ಆಗೆಲ್ಲ ದೇಶದ ಯಾವ ಡೇರೆಗೆ ಹೋದರೂ ಮಲಯಾಳ ಮಾತು ಕೇಳಿಸುತ್ತಿದ್ದದ್ದು ಅದಕ್ಕೇ.

ಮಂದಿ ಮೊದಮೊದಲು ತುಂಬಿ ಬಂದರು. ಆದರೆ ಒಂದು ಮನೆ ಎಷ್ಟು ಸಲ ಎಂಟಾಣೆ ತೆಗೆದೀತು? ಖಡಿ ಒಡೆದ ಕೂಲಿಯಲ್ಲಿ ಸರ್ಕಸ್ ನೋಡಲಾದೀತೇ? ಗ್ಯಾಲರಿ ಖಾಲಿಯಾಗುತ್ತ ಬಂತು. ಮೂರು ಆಟ ಇದ್ದದ್ದು ಎರಡಾಯಿತು, ಆಮೇಲೆ ಒಂದು.

ಆಗ ಒಂದು ರಾತ್ರಿ ಗಾಳಿ ಎದ್ದಿತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಆ ಸಲ ಭರಣಿ ತಂದದ್ದು ಬರೀ ಗಾಳಿ, ಗುಡುಗು, ನಾಲ್ಕು ದಪ್ಪ ಹನಿ. ಆಟ ಮುಗಿದು ಜನ ಮನೆ ಸೇರಿದ್ದರು, ಪುಣ್ಯ. ಸುಳಿಗಾಳಿಗೆ ಹಗ್ಗ ಕಿತ್ತು, ತಂಬು ಉದ್ದಕ್ಕೂ ಹರಿದು, ಬೆಳಗ್ಗೆ ನೋಡಿದರೆ ನಡುಗಂಬಕ್ಕೆ ತೊಯ್ದ ಸೀರೆಯಂತೆ ಜೋತುಬಿದ್ದಿತ್ತು. ಸಿಂಹ ರಾತ್ರಿಯಿಡೀ ಗರ್ಜಿಸಿತು, ನಮ್ಮ ಓಣಿಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ.

ಮ್ಯಾನೇಜರ್ ಬಡಕಲು ಮನುಷ್ಯ. ಯಾವಾಗಲೂ ಇಸ್ತ್ರಿ ಮಾಡಿದ ಕೋಟು ಹಾಕುತ್ತಿದ್ದ, ಆ ಝಳದಲ್ಲೂ. ಅವನು ದೊಡ್ಡಪ್ಪನ ಕಟ್ಟೆಗೆ ಬಂದ. ಕೋಟು ಇರಲಿಲ್ಲ, ಅದರಿಂದಲೇ ನಮಗೆ ಅವನ ಕಷ್ಟ ತಿಳಿಯಿತು. ಅಂಗಡಿಯವರಿಗೆ ಅಕ್ಕಿಯ ಬಾಕಿ, ಲಾರಿಗೆ ಬಾಡಿಗೆ ಇಲ್ಲ, ಹೊಸ ತಾಡಪತ್ರಿ ತರಿಸಲು ದುಡ್ಡಿಲ್ಲ. ಹಿಂದಿ, ಮರಾಠಿ, ಮುರುಕು ಕನ್ನಡ ಸೇರಿಸಿ ಇಷ್ಟು ಹೇಳಿದ. ದೊಡ್ಡಪ್ಪ ತಪಕೀರು ಏರಿಸಿದರು, ಮೂಗು ಒರೆಸಿದರು, ಆಮೇಲೆ ಅಂದರು:

"ನಿಮ್ಮ ತಂಬು ಹರದೈತಿ, ನಮ್ಮ ಮಗ್ಗ ನಿಂತಾವ. ನಮ್ಮ ಮಂದಿ ಕೈ ಖಾಲಿ ಅದಾವ. ದಬ್ಬಣ ಎಷ್ಟ ಅದಾವ ಹೇಳ್ರಿ ಸಾಹೇಬ್ರ."

ಮಾರನೆಯ ರಾತ್ರಿಯಿಂದ ಶಾಲೆಯ ಬಯಲಿನಲ್ಲಿ ಗ್ಯಾಸ್‌ಬತ್ತಿ ಹಚ್ಚಿ ತಂಬು ಹಾಸಿದರು. ಹಗಲು ಖಡಿ ಒಡೆಯಲು ಹೋಗಬೇಕು, ಬಿಸಿಲೂ ಬೇರೆ. ಅದಕ್ಕೆ ರಾತ್ರಿಯೇ ಕೆಲಸ. ಒಂದು ಸಾಲಿನಲ್ಲಿ ನೇಕಾರರು, ಎದುರು ಸಾಲಿನಲ್ಲಿ ಸರ್ಕಸ್ಸಿನವರು, ನಡುವೆ ಹರಿದ ಬಟ್ಟೆ. ಸುತಳಿಗೆ ಮೇಣ ಸವರಿ ಹೊಲಿಯಬೇಕು. ಸರ್ಕಸ್ಸಿನವರು ಅಲ್ಲಿಯವರೆಗೆ ತೇಪೆಯನ್ನು ಸಿಕ್ಕ ಹಾಗೆ ಹಾಕಿ ಹೊಲಿದಿದ್ದರು. ನಮ್ಮಪ್ಪ ಅವರ ಹಳೆಯ ತೇಪೆಯೊಂದನ್ನು ಬತ್ತಿಯ ಹತ್ತಿರ ಹಿಡಿದು, ಉಗುರಿನಿಂದ ಎಳೆ ಕೆದಕಿ ತೋರಿಸಿದ್ದು ನಾನು ಬಗಲಲ್ಲೇ ಕೂತು ನೋಡಿದೆ. ತಂಬಿನ ಬಟ್ಟೆಗೂ ಹಾಸು, ಹೊಕ್ಕು ಇರುತ್ತದೆ. ತೇಪೆಯ ಹಾಸು ತಂಬಿನ ಹಾಸಿಗೆ ಸರಿಯಾಗಿ ಬರಬೇಕು, ಹೊಕ್ಕು ಹೊಕ್ಕಿಗೆ. ಓರೆಯಾಗಿ ಹಚ್ಚಿದರೆ ಗಾಳಿ ಜಗ್ಗಿದಾಗ ಎರಡೂ ಬೇರೆ ಬೇರೆ ಕಡೆ ಎಳೆದು, ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಅಪ್ಪ ಇಷ್ಟನ್ನು ಒಂದು ಮಾತೂ ಆಡದೆ ಬೆರಳಲ್ಲೇ ಹೇಳಿದರು. ಎದುರಿಗೆ ಕೂತ ಜೋಕರ್, ಬಣ್ಣ ತೊಳೆದ ಮುಖದಲ್ಲಿ ಅವನು ಬೇರೆಯವನೇ ಆಗಿ ಕಾಣುತ್ತಿದ್ದ, ತಾನು ಹಾಕಿದ್ದ ತೇಪೆ ಬಿಚ್ಚಿ ಮತ್ತೆ ಮೊದಲಿನಿಂದ ಹೊಲಿಯತೊಡಗಿದ. ಎಷ್ಟು ರಾತ್ರಿ ಈ ಕೆಲಸ ನಡೆಯಿತೋ ಹೇಳಲಾರೆ. ಅಪ್ಪನ ಮುಖದಲ್ಲಿ ಆ ಬೇಸಿಗೆಯಲ್ಲಿ ಗೆಲುವು ಕಂಡದ್ದು ಆ ರಾತ್ರಿಗಳಲ್ಲಿ ಮಾತ್ರ.

ಡೇರೆಗಳು ಹರಿದದ್ದರಿಂದ ಹೆಂಗಸರು, ಮಕ್ಕಳನ್ನು ಓಣಿಯ ಮನೆಗಳು ಹಂಚಿಕೊಂಡವು. ನಮ್ಮ ಮನೆಗೆ ಬಂದದ್ದು ಜೋಕಾಲಿಯ ಹುಡುಗಿ. ಅವರವರು ಕುಟ್ಟಿ ಅಂತ ಕರೆಯುತ್ತಿದ್ದರು, ನಾವೂ ಅದನ್ನೇ ಹಿಡಿದೆವು. ಅವಳಿಗೆ ಕನ್ನಡ ಬಾರದು, ಆಯಿಗೆ ಬೇರೇನೂ ಬಾರದು. ಆದರೂ ಇಬ್ಬರೂ ದಿನವಿಡೀ ಮಾತಾಡುತ್ತಿದ್ದರು. ಮೊದಲ ದಿನ ಅವಳ ತಾಟಿಗೆ ಅವ್ವ ಕೆಂಪು ರೊಟ್ಟಿ, ಖಾರ ಇಟ್ಟಳು. ಹುಡುಗಿ ಚೂರು ಮುರಿದು ಬಾಯಿಗಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು, ಸುಮ್ಮನೆ ಕೂತಳು. ಅನ್ನ ತಿಂದು ಬೆಳೆದ ಕೂಸು. ನಮ್ಮ ಕಡೆಯ ಮನೆಗಳಲ್ಲಿ ಅನ್ನ ಅಂದರೆ ಹಬ್ಬ, ಇಲ್ಲವೇ ಜ್ವರ. ಆಯಿ ಎದ್ದು ಹೋಗಿ, ಬಸವಜಯಂತಿಗೆ ಅಂತ ಗಡಿಗೆಯಲ್ಲಿ ಬಚ್ಚಿಟ್ಟಿದ್ದ ಅಕ್ಕಿ ತೆಗೆದಳು. ಅವ್ವ ಏನೋ ಅನ್ನಹೊರಟಾಗ, "ಹಬ್ಬ ಮನಿಗೆ ಬಂದ ಕುಂತೈತಿ, ಇನ್ಯಾವ ಹಬ್ಬಕ್ಕ ಇಡತಿ?" ಅಂದಳು. ಆವತ್ತು ನಮಗೂ ಒಂದೊಂದು ತುತ್ತು ಬಿಳಿ ಅನ್ನ ಸಿಕ್ಕಿತು, ಮಜ್ಜಿಗೆ ಇಲ್ಲದೆ, ಉಪ್ಪು ಹಚ್ಚಿ.

ಅವಳ ಅಂಗೈ ನಾನು ಮುಟ್ಟಿ ನೋಡಿದ್ದೇನೆ. ಬೆರಳುಗಳ ಬುಡದಲ್ಲಿ ಸಾಲಾಗಿ ಜಡ್ಡುಗಟ್ಟಿತ್ತು, ಜೋಕಾಲಿಯ ಕೋಲು ಹಿಡಿದು ಹಿಡಿದು. ಅಪ್ಪನಿಗೆ ಜಡ್ಡು ಇದ್ದದ್ದು ಲಾಳಿಯ ಹಗ್ಗ ಜಗ್ಗುವ ಕಡೆ. ಆಯಿಗೆ ಬೆರಳ ತುದಿಯಲ್ಲಿ, ನೂಲು ಹರಿದುಹೋಗುವ ಜಾಗದಲ್ಲಿ. ಹುಡುಗಿ ಎರಡೇ ದಿನದಲ್ಲಿ ರಾಟಿ ಕಲಿತಳು. ಇದ್ದ ಅಷ್ಟಿಷ್ಟು ನೂಲನ್ನು ಇಬ್ಬರೂ ಕಂಡಿಕೆಗೆ ಸುತ್ತುವರು, ಬಿಚ್ಚುವರು, ಮತ್ತೆ ಸುತ್ತುವರು. ಬರೀ ಕೈ ಸುಮ್ಮನಿರಬಾರದೆಂದು.

ಪ್ರಾಣಿಗಳ ಸುದ್ದಿ ಹೇಳಬೇಕು. ಬರದಲ್ಲಿ ಸಿಂಹಕ್ಕೆ ಹಸಿವಾಗಲಿಲ್ಲ. ಮೇವಿಲ್ಲದೆ ಎಮ್ಮೆ, ಹೋರಿಗಳನ್ನು ಸಂತೆಯಲ್ಲಿ ಕೇಳಿದಷ್ಟಕ್ಕೆ ಕೊಟ್ಟುಬಿಡುತ್ತಿದ್ದರು, ಮಾಂಸ ಅಗ್ಗವಾಗಿತ್ತು. ಹಸಿದದ್ದು ಆನೆ, ಕುದುರೆ, ಒಂಟೆ. ನಮ್ಮ ದನಗಳಿಗೇ ಕಣಿಕೆ ಇಲ್ಲ, ಆನೆಗೆ ಎಲ್ಲಿಂದ ತರುವುದು? ಹೊಳೆದಂಡೆಯಲ್ಲಿ ಬಾವಿ ಇದ್ದ ಕೆಲವರ ಹೊಲದಲ್ಲಿ ಅಷ್ಟಿಷ್ಟು ಕ­ಬ್ಬು ಉಳಿದಿತ್ತು, ಅವರು ಸೋಗೆ ಕೊಟ್ಟರು. ರಸ್ತೆ ಬದಿಯ ಆಲದ ಟೊಂಗೆ ಕಡಿಯಲು ಹಿರಿಯರು ಒಪ್ಪಿದರು. ಗುಡಿಯ ಮುಂದಿನ ಅರಳಿಮರದ ಮಾತು ಬಂದಾಗ ಮಾತ್ರ ಜಗಳವೇ ಆಯಿತು. ಒಬ್ಬರು ದೇವರ ಮರ ಅಂದರು, ಇನ್ನೊಬ್ಬರು ಆನೆ ಯಾರದು ಅಂದರು. ಕೊನೆಗೆ ಪೂಜಾರಿಯೇ ಕೊಡಲಿ ತಂದು, ಗುಡಿಯ ಮೇಲೆ ಚಾಚಿದ ಒಂದು ಟೊಂಗೆ ಕಡಿದುಕೊಟ್ಟ.

ಆನೆಯನ್ನು ದಿನಾಲು ಹೊಳೆಗೆ ಒಯ್ಯುತ್ತಿದ್ದರು. ಹೊಳೆ ಅಂದರೆ ಉಸುಕು, ಅಲ್ಲೊಂದು ಇಲ್ಲೊಂದು ಮಡು. ಒಂದು ದಿನ ಅದು ಮಡುವಿನ ಕಡೆ ಹೋಗದೆ, ನಡುಹೊಳೆಯಲ್ಲಿ ನಿಂತು ಮುಂಗಾಲಿನಿಂದ ಉಸುಕು ಕೆದರಿ ಸೊಂಡಿಲು ಇಳಿಸಿತು. ಅಲ್ಲಿ ತಿಳಿನೀರಿನ ವರ್ತಿ ಬಂತು. ನಮ್ಮ ಮಂದಿ ಅದನ್ನೇ ಅಗಲ ಮಾಡಿ ಎಷ್ಟೋ ದಿನ ಕೊಡ ತುಂಬಿಸಿಕೊಂಡರು. ನಮ್ಮಣ್ಣ ಇದನ್ನು ಒಪ್ಪುವುದಿಲ್ಲ. ವರ್ತಿ ಮೊದಲು ತೋಡಿದ್ದು ನಮ್ಮವರೇ, ಆನೆ ಆಮೇಲೆ ಬಂದು ಕುಡಿಯಿತು ಅನ್ನುತ್ತಾನೆ. ಇಬ್ಬರೂ ಅಲ್ಲೇ ಇದ್ದವರು. ನನ್ನ ಕಣ್ಣಿಗೆ ಆನೆಯೇ ಮುಂದೆ ಕಾಣುತ್ತದೆ. ಅಣ್ಣ ನನಗಿಂತ ದೊಡ್ಡವನು, ಅವನ ಮಾತು ನಿಜವಿದ್ದರೂ ಇರಬಹುದು.

ತಂಬು ಎದ್ದಿತು. ಕಡೆಯ ಆಟಕ್ಕೆ ಹೊಲಿದ ಮನೆಗಳವರನ್ನೆಲ್ಲ ಮುಂದಿನ ಕುರ್ಚಿಯ ಮೇಲೆ ಕೂಡಿಸಿದರು. ಅಪ್ಪ ಕುರ್ಚಿಯ ಅಂಚಿಗೆ ಕೂತು, ಜೋಕಾಲಿ ನೋಡದೆ, ತಲೆಯೆತ್ತಿ ಹೊಲಿಗೆ ನೋಡುತ್ತಿದ್ದರು. ದೊಡ್ಡಪ್ಪ ಮಾತ್ರ ಟಿಕೀಟು ತೆಗೆದೇ ಒಳಗೆ ಬಂದರು. ಪೇಟೆಯ ನಾಲ್ಕು ಮಂದಿ ಸೇರಿ ಲಾರಿ ಬಾಡಿಗೆಗೆ ದುಡ್ಡು ಕೂಡಿಸಿಕೊಟ್ಟರು. ಸರ್ಕಸ್ ಜಮಖಂಡಿಗೆ ಹೋಗಿ ಪೋಲೋ ಮೈದಾನದಲ್ಲಿ ಡೇರೆ ಹೊಡೆಯಿತು. ಕಚೇರಿ, ಕೋರ್ಟು, ಕಾಲೇಜು ಇದ್ದ ಊರು, ತಿಂಗಳ ಪಗಾರ ಬರುವ ಮಂದಿ. ಅಲ್ಲಿ ಆಟ ನಡೆಯಿತು. ಒಂದು ದಿನ ಮ್ಯಾನೇಜರನಿಂದ ಮನಿಯಾರ್ಡರ್ ಬಂತು. ಕೊಟ್ಟ ದುಡ್ಡು ಪೂರಾ ಮರಳಿ ಬಂದಿತ್ತು.

ಆಮೇಲೆ ಮುಧೋಳ. ಬೀಳಗಿಯ ನಮ್ಮ ಅತ್ತೆಯವರು ಚಕ್ಕಡಿ ಕಟ್ಟಿಕೊಂಡು ಬಂದು ಅಲ್ಲೇ ನೋಡಿದರಂತೆ. ಮುಧೋಳ ಅಂದಮೇಲೆ ನಾಯಿಯ ಮಾತು ಬರದೇ ಇರುತ್ತದೆಯೇ? ಅಲ್ಲಿನ ದೊರೆ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟಿದ್ದ ತಳಿ ಅದು. ಸರ್ಕಸ್ಸಿನ ನಾಯಿ ಮಾಸ್ತರ ಒಂದು ಮರಿ ಕೇಳಿದನಂತೆ. ಸಾಕಿದಾತ, "ಇದು ಮೊಲದ ಬೆನ್ನ ಹತ್ತೂ ಜಾತಿ, ನಿನ್ನ ಬಳೀ ಒಳಗ ಜಿಗಿಯೂದಲ್ಲ," ಅಂದು ಕೊಡಲಿಲ್ಲವಂತೆ. ಇದು ಅತ್ತೆ ಹೇಳಿದ್ದು.

ಆ ವರ್ಷ ಮಳೆ ಚಲೋ ಆಯಿತು. ಶ್ರಾವಣದ ಹೊತ್ತಿಗೆ ಲಾಳಿಯ ಸಪ್ಪಳ ಮತ್ತೆ ಶುರುವಾಯಿತು. ಆ ಸರ್ಕಸ್ ನಮ್ಮೂರಿಗೆ ಮತ್ತೆ ಬರಲಿಲ್ಲ.

ಈಗ ಲೆಕ್ಕ ಹಾಕಿದರೆ ಜೋಕಾಲಿಯ ಆ ಹುಡುಗಿಗೆ ಆಗ ಹನ್ನೆರಡೋ ಹದಿಮೂರೋ ಇದ್ದಿರಬೇಕು. ನನ್ನ ಜೊತೆಗೆ ಶಾಲೆಯಲ್ಲಿ ಕೂಡಬೇಕಾದವಳು. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸಬಾರದು ಅಂತ ಸುಪ್ರೀಂ ಕೋರ್ಟು 2011ರಲ್ಲಿ ಹೇಳಿತು. ಸಿಂಹ, ಹುಲಿ, ಕರಡಿ, ಮಂಗಗಳನ್ನು ಕುಣಿಸಬಾರದು ಅಂತ 1998ರಲ್ಲಿ ಸರ್ಕಾರ ಆದೇಶ ಮಾಡಿತ್ತು, 2001ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಎರಡೂ ಸರಿಯಾದ ನಿರ್ಣಯವೇ. ಗಾಳಿಯ ರಾತ್ರಿ ಪಂಜರದೊಳಗಿಂದ ಬಂದ ಆ ಗರ್ಜನೆ ಕೇಳಿದವನು ನಾನು, ಬೇರೆ ಮಾತು ಆಡಲಾರೆ. ಆದರೆ ಸಿಂಹ ಹೋದ ಮೇಲೆ ಜನರೂ ಹೋಗಿಬಿಟ್ಟರು. ಜೋಕಾಲಿಯವರು, ತಂತಿಯ ಮೇಲೆ ನಡೆಯುವವರು, ಸೈಕಲ್ಲಿನವರು, ಜೋಕರರು ಇನ್ನೂ ಇದ್ದಾರೆ. ಅವರ ಕೈಯ ಜಡ್ಡು ಹಾಗೇ ಇದೆ, ಕುರ್ಚಿಗಳು ಖಾಲಿ ಇವೆ. ಕೈಮಗ್ಗದವರಿಗೂ ಇದೇ ಆಗಿದೆ. ರಬಕವಿಯಲ್ಲಿ ಇವತ್ತು ಕುಣಿಮಗ್ಗ ನೋಡಬೇಕೆಂದರೆ ಓಣಿ ಓಣಿ ತಿರುಗಿ ಹುಡುಕಬೇಕು.

ಅದಕ್ಕೆ ಕೇಳಿಕೊಳ್ಳುತ್ತೇನೆ. ಜಮಖಂಡಿಯಲ್ಲೋ, ಮುಧೋಳದಲ್ಲೋ, ನಿಮ್ಮ ಊರಿನ ಯಾವುದಾದರೂ ಬಯಲಿನಲ್ಲೋ ಒಂದು ತಂಬು ಎದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಪಾಸು ಕೇಳಬೇಡಿ. ಟಿಕೀಟು ತೆಗೆದು ಒಳಗೆ ಹೋಗಿ.